ಒಂದೇ ಕಬ್ಬು, ನಾಲ್ಕು ರೇಟು: ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾಹಿತಿ ಓಡುತ್ತದೆ, ನಂಬಿಕೆ ನಡೆಯುತ್ತದೆ

ಟನ್ ಕಬ್ಬಿಗೆ ಎಷ್ಟು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದಕ್ಕಿಂತ ಸರಳವಾದ ಪ್ರಶ್ನೆ ಇರಲಿಕ್ಕಿಲ್ಲ. ಆದರೂ 2025ರ ನವೆಂಬರ್‌ನಲ್ಲಿ ಇದಕ್ಕೆ ಒಂದೇ ಉತ್ತರ ಸಿಗುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರು. ಟನ್‌ಗೆ ₹3,500 ಬೇಕು ಅನ್ನುವುದು ಅವರ ಬೇಡಿಕೆ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿದ ಮೇಲೆ ₹3,300 ಅಂತ ತೀರ್ಮಾನ ಹೊರಬಿತ್ತು. ಗುರ್ಲಾಪುರದಲ್ಲಿ ಸಂಭ್ರಮ ನಡೆಯಿತು. ಆದರೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದಲ್ಲಿ ಹೋರಾಟ ನಿಲ್ಲಲಿಲ್ಲ. ಇದರ ನಡುವೆ ಕೇಂದ್ರದ ರೇಟು ₹3,550 ಅನ್ನುವ ಮಾತು ಒಂದು ಕಡೆ. ನಮ್ಮ ಭಾಗದ ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ₹3,800ರ ಮೇಲೆ ಬರಬೇಕು ಅನ್ನುವ ಲೆಕ್ಕ ಇನ್ನೊಂದು ಕಡೆ.

ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಅಂಗೈಯಲ್ಲಿ ಫೋನಿದೆ. ಫೋನಿನಲ್ಲಿ ಹತ್ತಾರು ಗುಂಪುಗಳಿವೆ. ಒಂದೊಂದು ಗುಂಪಿನಲ್ಲಿ 1,024 ಜನರವರೆಗೂ ಇರಬಹುದು. ಇಷ್ಟೆಲ್ಲ ಇದ್ದೂ ಒಂದು ರೇಟು ಸ್ಪಷ್ಟವಾಗಿ ತಿಳಿಯದೆ ಹೋದದ್ದು ಹೇಗೆ? ಇಷ್ಟು ಗೊಂದಲ ಇದ್ದೂ ಅಷ್ಟೊಂದು ಜನ ಒಂದೇ ಕ್ರಾಸ್‌ನಲ್ಲಿ ಕೂಡಿದ್ದು ಹೇಗೆ? ಎರಡೂ ಪ್ರಶ್ನೆಗೆ ಉತ್ತರ ಒಂದೇ ಜಾಗದಲ್ಲಿದೆ ಅನಿಸುತ್ತದೆ. ಅದನ್ನು ಹುಡುಕಲು ಮೊದಲು ಆ ಅಂಕಿಗಳನ್ನೇ ಬಿಡಿಸಿ ನೋಡಬೇಕು.

ನಾಲ್ಕೂ ಸರಿ, ಆದರೂ ಜಗಳ

ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುತ್ತದೆ. 2025–26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ ₹355. ಅಂದರೆ ಟನ್‌ಗೆ ₹3,550. ಇದು ಮೊದಲನೇ ಅಂಕಿ. ಆದರೆ ಈ ಅಂಕಿಗೆ ಒಂದು ಬಾಲ ಇದೆ: ರಿಕವರಿ ಶೇ 10.25 ಇದ್ದರೆ ಮಾತ್ರ ಇಷ್ಟು. ರಿಕವರಿ ಅಂದರೆ ನೂರು ಕೆ.ಜಿ. ಕಬ್ಬು ಅರೆದರೆ ಎಷ್ಟು ಕೆ.ಜಿ. ಸಕ್ಕರೆ ಸಿಗುತ್ತದೆ ಅನ್ನುವ ಲೆಕ್ಕ.

ಆ ಹಂಗಾಮಿನಲ್ಲಿ ರಿಕವರಿ ಶೇ 0.1 ಜಾಸ್ತಿಯಾದರೆ ಕ್ವಿಂಟಲ್‌ಗೆ ₹3.46 ಜಾಸ್ತಿ. ಶೇ 11.25 ಇದ್ದರೆ ಹತ್ತು ಸಲ ₹3.46 ಸೇರಿಸಬೇಕು. ಒಟ್ಟು ಕ್ವಿಂಟಲ್‌ಗೆ ₹389.60, ಟನ್‌ಗೆ ₹3,896. ಇದು ಎರಡನೇ ಅಂಕಿ. ನೆನಪಿಡಿ, ಇಲ್ಲಿ ಹಿಡಿಯುವುದು ನಿಮ್ಮ ಹೊಲದ ಕಬ್ಬಿನ ರಿಕವರಿಯನ್ನಲ್ಲ, ಇಡೀ ಕಾರ್ಖಾನೆಯ ಸರಾಸರಿಯನ್ನು. ಅದೂ ಹಿಂದಿನ ಹಂಗಾಮಿನದ್ದು.

ಹಾಗಾದರೆ ₹3,896 ಬರಬೇಕಾದ ಕಡೆ ರೈತರು ₹3,500 ಯಾಕೆ ಕೇಳಿದರು? ಕಡಿಮೆ ಕೇಳಿದ ಹಾಗಾಯ್ತಲ್ವಾ? ಇಲ್ಲ. ಎಫ್‌ಆರ್‌ಪಿ ಅನ್ನುವುದು ಕಾರ್ಖಾನೆಯ ಗೇಟಿಗೆ ತಲುಪಿದ ಕಬ್ಬಿನ ಬೆಲೆ. ಹೊಲದಲ್ಲಿ ಕಡಿದು, ಟ್ರ್ಯಾಕ್ಟರ್‌ಗೆ ತುಂಬಿ, ಗೇಟಿನವರೆಗೆ ತರುವ ಖರ್ಚು ಅದರೊಳಗೇ ಇದೆ. ಕಾರ್ಖಾನೆಯೇ ಗ್ಯಾಂಗ್ ಕಳಿಸಿ ಕಡಿಸಿದರೆ ಆ ಖರ್ಚನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಖರ್ಚು ಟನ್‌ಗೆ ₹800 ಅಂತ ಇಟ್ಟುಕೊಳ್ಳಿ. ₹3,896ರಲ್ಲಿ ಕೈಗೆ ಬರುವುದು ₹3,096. ರೈತರು ಕೇಳಿದ ₹3,500 ಈ ಖರ್ಚೆಲ್ಲ ಕಳೆದ ಮೇಲೆ ಕೈಗೆ ಬರಬೇಕಾದ ಹಣ. ಸರ್ಕಾರ ಹೇಳಿದ ₹3,300 ಕೂಡ ಖರ್ಚು ಕಳೆದ ಮೇಲಿನದ್ದೇ, ಆದರೆ ಶೇ 11.25 ರಿಕವರಿಗೆ. ಮುಧೋಳದ ಕಡೆ ತಕರಾರು ಎದ್ದದ್ದು ಈ ಕೊನೆಯ ಷರತ್ತಿನ ಸುತ್ತ. ರಿಕವರಿಗೆ ಗಂಟು ಹಾಕಿದರೆ ಕಡಿಮೆ ರಿಕವರಿ ತೋರಿಸುವ ಕಾರ್ಖಾನೆಗೆ ಕಬ್ಬು ಕೊಡುವವನ ಗತಿ ಏನು ಅನ್ನುವ ಪ್ರಶ್ನೆ ಅದು.

ನಾಲ್ಕು ಅಂಕಿ ಇದ್ದವು, ನಾಲ್ಕೂ ಸುಳ್ಳಲ್ಲ. ಪ್ರತಿಯೊಂದಕ್ಕೂ ಅದರದ್ದೇ ಷರತ್ತು ಇತ್ತು. ಆದರೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಆಗುವಾಗ ಉಳಿಯುವುದು ಅಂಕಿ, ಉದುರುವುದು ಷರತ್ತು. ಬಿಲ್ಲಿನ ಫೋಟೊದಲ್ಲಿ ದೊಡ್ಡ ಅಕ್ಷರದಲ್ಲಿ ಮೊತ್ತ ಕಾಣುತ್ತದೆ. ಯಾವ ಹಂಗಾಮು, ಯಾವ ಕಾರ್ಖಾನೆ, ಕಟಾವು–ಸಾಗಣೆ ಸೇರಿ ಎಷ್ಟು ಅನ್ನುವುದು ಅಂಚಿನಲ್ಲಿ ಎಲ್ಲೋ ಮಸುಕಾಗಿರುತ್ತದೆ. ಕೊಲ್ಲಾಪುರ ಕಡೆಯ ಚೀಟಿ ಚಿಕ್ಕೋಡಿಗೆ ಬಂದರೆ ಇನ್ನೂ ಒಂದು ತೊಡಕು. ಅಲ್ಲಿನ ರಿಕವರಿ ಬೇರೆ, ಅಲ್ಲಿನ ಕಂತಿನ ಪದ್ಧತಿ ಬೇರೆ.

ಉದುರಿದ ಷರತ್ತನ್ನು ಯಾರಾದರೂ ಹೆಕ್ಕಿ ಮತ್ತೆ ಜೋಡಿಸಬೇಕು. "ಇದು ಗೇಟ್ ರೇಟೋ, ಕೈಗೆ ಬರುವ ರೇಟೋ" ಅಂತ ಯಾರಾದರೂ ಕೇಳಬೇಕು, ಗೊತ್ತಿದ್ದವರು ಹತ್ತು ನಿಮಿಷ ಖರ್ಚು ಮಾಡಿ ಉತ್ತರ ಕೊಡಬೇಕು. ಅವರು ಯಾಕೆ ಕೊಡಬೇಕು? ಗುಂಪು ಅನ್ನುವುದರ ನಿಜವಾದ ವಿಷಯ ಶುರುವಾಗುವುದು ಈ ಪ್ರಶ್ನೆಯಿಂದ.

ಮುಯ್ಯಿ ಲೆಕ್ಕ

ಸಮಾಜಶಾಸ್ತ್ರದವರು ಇದನ್ನು ಸಾಮಾಜಿಕ ಬಂಡವಾಳ ಅನ್ನುತ್ತಾರೆ. ಮಾತು ಹೊಸದೇನಲ್ಲ. 1916ರಲ್ಲೇ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಎಲ್.ಜೆ. ಹ್ಯಾನಿಫನ್ ಇದನ್ನು ಬಳಸಿದ್ದರು. ಜಮೀನು, ದುಡ್ಡು ಹೇಗೆ ಬಂಡವಾಳವೋ ಹಾಗೆ ನೆರೆಹೊರೆಯವರ ನಡುವಿನ ಒಳ್ಳೆಯ ಮನಸ್ಸು, ಒಡನಾಟ ಕೂಡ ಬಂಡವಾಳವೇ ಅನ್ನುವುದು ಅವರ ವಾದ. ಮುಂದೆ ಫ್ರಾನ್ಸಿನ ಪಿಯರ್ ಬೋರ್ದ್ಯೂ, ಅಮೆರಿಕದ ಜೇಮ್ಸ್ ಕೋಲ್‌ಮನ್, ರಾಬರ್ಟ್ ಪಟ್ನಮ್ ಇದನ್ನು ತಮ್ಮ ತಮ್ಮ ದಾರಿಯಲ್ಲಿ ಬೆಳೆಸಿದರು.

ನಮ್ಮ ಭಾಗದವರಿಗೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ. ಮುಯ್ಯಿ ಅನ್ನುವ ಮಾತು ಸಾಕು. ಇವತ್ತು ನನ್ನ ಹೊಲಕ್ಕೆ ನೀವು ಬರುತ್ತೀರಿ, ನಾಳೆ ನಿಮ್ಮ ಹೊಲಕ್ಕೆ ನಾನು ಬರುತ್ತೇನೆ. ಕೂಲಿ ಇಲ್ಲ, ಚೀಟಿ ಇಲ್ಲ, ಸಾಕ್ಷಿ ಇಲ್ಲ. ಮುಯ್ಯಾಳು ಪದ್ಧತಿ ನಡೆದದ್ದು ಯಾರೂ ಬರೆದಿಡದ, ಆದರೆ ಎಲ್ಲರಿಗೂ ನೆನಪಿರುವ ಲೆಕ್ಕದ ಮೇಲೆ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ಸಲ ಯಾರೂ ಹೋಗುವುದಿಲ್ಲ. ಆ ಹೆದರಿಕೆ ಇದೆ ಅಂತಲೇ ಎಲ್ಲರೂ ತೀರಿಸುತ್ತಾರೆ.

ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿ ಬೆಳೆದದ್ದೂ ಇಂಥ ಲೆಕ್ಕದ ಮೇಲೆಯೇ. ಸಾಲ ತಗೊಂಡವನ ಮುಖವನ್ನು ದಿನಾ ನೋಡುವವರೇ ಸಂಘದ ಸದಸ್ಯರು. ಅಡ ಇಡಲು ಹೆಚ್ಚೇನೂ ಇಲ್ಲದವನಿಗೂ ಊರಿನಲ್ಲಿ ಹೆಸರು ಇತ್ತು, ಹೆಸರೇ ಅಡ.

ವಾಟ್ಸ್‌ಆ್ಯಪ್ ಗುಂಪಿಗೂ ಇದೇ ಅಳತೆ ಹಿಡಿದು ನೋಡಿ. ಪ್ರಶ್ನೆಗೆ ಉತ್ತರ ಕೊಟ್ಟವನ ಹೆಸರು ಗುಂಪಿಗೆ ನೆನಪಿದೆಯೇ? ಅವನು ಕೇಳಿದಾಗ ಬೇರೆಯವರು ಉತ್ತರ ಕೊಡುತ್ತಾರೆಯೇ? ತಪ್ಪು ಹೇಳಿದವನಿಗೆ ಏನಾದರೂ ನಷ್ಟ ಇದೆಯೇ? ಮೂರಕ್ಕೂ ಹೌದು ಅನ್ನಬಹುದಾದರೆ ಅಲ್ಲಿ ಮುಯ್ಯಿ ನಡೆಯುತ್ತಿದೆ. ಇಲ್ಲದಿದ್ದರೆ ಅದು ಗುಂಪಲ್ಲ, ಬರೀ ಗೋಡೆ. ಬಂದವರು ಚೀಟಿ ಅಂಟಿಸಿ ಹೋಗುತ್ತಾರೆ ಅಷ್ಟೇ.

ಎಲೆಯ ಫೋಟೊ, ಹತ್ತು ಉತ್ತರ

ಕಬ್ಬಿನ ರೇಟು ಒಂದು ಅಂಕಿ. ಅದನ್ನು ಹೇಗೋ ಹಂಚಬಹುದು. ತೋಟಗಾರಿಕೆಯಲ್ಲಿ ಹಂಚಬೇಕಾದದ್ದು ಕೈಗುಣ. ಗುಂಪುಗಳ ಶಕ್ತಿ, ಮಿತಿ ಎರಡೂ ಚೆನ್ನಾಗಿ ಕಾಣುವುದು ಅಲ್ಲೇ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರನ್ನು ಊಹಿಸಿಕೊಳ್ಳಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದಿದೆ. ಚಿಗುರು ಬಂದಿದೆ. ಅಷ್ಟರಲ್ಲಿ ಎರಡು ದಿನ ಮೋಡ, ಒಂದು ಮಳೆ. ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆ. ಅವರು ಫೋಟೊ ತೆಗೆದು ಗುಂಪಿಗೆ ಹಾಕುತ್ತಾರೆ. ಐದು ನಿಮಿಷದಲ್ಲಿ ಹತ್ತು ಉತ್ತರ. ಏಳು ಜನ ಔಷಧದ ಹೆಸರು ಬರೆಯುತ್ತಾರೆ. ಇಬ್ಬರು ಕೈ ಮುಗಿಯುವ ಚಿಹ್ನೆ ಹಾಕುತ್ತಾರೆ. ಒಬ್ಬರು ಮಾತ್ರ ವಾಯ್ಸ್ ಕಳಿಸುತ್ತಾರೆ: "ಅಣ್ಣಾರ, ಎಲಿ ತಿರುವಿ ತೋರಸ್ರಿ. ಕೆಳಗ ಬಿಳಿ ಬೂಜ ಐತೇನು? ಚಾಟ್ನಿ ಮಾಡಿ ಎಷ್ಟ ದಿನಾತು? ಹಿಂದಿನ ಔಷಧ ಯಾವಾಗ ಹೊಡದ್ರಿ?"

ಈ ಹತ್ತನೆಯವರ ಉತ್ತರದಲ್ಲಿ ಒಂದೂ ಔಷಧದ ಹೆಸರಿಲ್ಲ. ಆದರೆ ಬೆಲೆ ಇರುವುದು ಅದಕ್ಕೇ. ಎಲೆ ತಿರುವಿದಾಗ ಬಿಳಿ ಬೂಜು ಇದ್ದರೆ ಡೌನಿ ಅನ್ನುವ ಬೂಜು ರೋಗ. ಇಲ್ಲದಿದ್ದರೆ ಬೇರೆ ಏನೋ. ಅದನ್ನು ನೋಡದೆ ಹೊಡೆದ ಔಷಧಕ್ಕೆ ದುಡ್ಡೂ ಹೋಯಿತು, ರೋಗವೂ ಉಳಿಯಿತು.

ಬಾಗಲಕೋಟೆ ಕಡೆಯ ದಾಳಿಂಬೆಗೆ ಬಂದರೆ ಈ ಮಾತು ಇನ್ನೂ ಖಾರ. ಬೆಳೆಗಾರರು ತೇಲ್ಯಾ ಅಂತ ಕರೆಯುವ ರೋಗ ಬರುವುದು ಬ್ಯಾಕ್ಟೀರಿಯಾದಿಂದ. ಶಿಲೀಂಧ್ರಕ್ಕೆಂದೇ ಮಾಡಿದ ಔಷಧವನ್ನು ಅದಕ್ಕೆ ಹೊಡೆದರೆ ಉಪಯೋಗ ಇಲ್ಲ. ಬ್ಯಾಕ್ಟೀರಿಯಾದ ರೋಗ, ಶಿಲೀಂಧ್ರದ ರೋಗ ಎರಡೂ ಫೋಟೊದಲ್ಲಿ ಕಪ್ಪು ಚುಕ್ಕೆಯಾಗಿಯೇ ಕಾಣುತ್ತವೆ. ತೇಲ್ಯಾಕ್ಕೆ ಬೇಕಾದದ್ದು ರೋಗದ ಟೊಂಗೆ, ಕಾಯಿ ಕಿತ್ತು ಸುಡುವುದು, ಕತ್ತರಿಯನ್ನು ಪ್ರತಿ ಗಿಡಕ್ಕೂ ಔಷಧದಲ್ಲಿ ಅದ್ದುವುದು, ಗಿಡಕ್ಕೆ ವಿಶ್ರಾಂತಿ ಕೊಡುವುದು, ಬಹಾರ್ (ಹೂ ಬಿಡಿಸುವ ಹಂಗಾಮು) ಸರಿಯಾಗಿ ಆರಿಸುವುದು. ಇದೆಲ್ಲ ಒಂದು ಮೆಸೇಜಿನಲ್ಲಿ ಹಿಡಿಸುವ ಮಾತಲ್ಲ. ಒಂದು ಬಾಟಲಿಯ ಫೋಟೊ ಹಿಡಿಸುತ್ತದೆ. ಹಾಗಾಗಿ ಬಾಟಲಿ ಗೆಲ್ಲುತ್ತದೆ.

ವಾಯ್ಸ್ ಮೆಸೇಜಿಗೆ ಇಲ್ಲೊಂದು ದೊಡ್ಡ ಪಾತ್ರ ಇದೆ. ಬರೆಯಲು ಹಿಂಜರಿಯುವ, ಆದರೆ ಮೂವತ್ತು ವರ್ಷ ತೋಟ ಮಾಡಿದ ಕಾಕಾ ಒಬ್ಬರು ಗುಂಡಿ ಒತ್ತಿ ತಮ್ಮದೇ ಮಾತಿನಲ್ಲಿ ಹೇಳಬಹುದು. ಬರಹದಲ್ಲಿ ಕಳೆದುಹೋಗುವ ಅನುಮಾನ, ಒತ್ತು, "ನೋಡ್ರಿ, ನನಗ ಅನಸೂದು" ಅನ್ನುವ ಎಚ್ಚರ ದನಿಯಲ್ಲಿ ಉಳಿಯುತ್ತದೆ. ಆದರೆ ಆ ದನಿಯನ್ನು ಆಮೇಲೆ ಹುಡುಕಲು ಆಗುವುದಿಲ್ಲ. ಡೌನಿ ಅಂತ ಟೈಪ್ ಮಾಡಿದರೆ ಬಾಟಲಿಯ ಹೆಸರು ಬರೆದ ಏಳು ಉತ್ತರ ಸಿಗುತ್ತವೆ. ಕಾಕಾ ಹೇಳಿದ್ದು ಸಿಗುವುದಿಲ್ಲ.

ಇನ್ನೊಂದು ಸಂಗತಿ. ಯಾವ ಗುಂಪಿನಲ್ಲೂ ಎಲ್ಲರೂ ಮಾತಾಡುವುದಿಲ್ಲ. ಇಂಟರ್ನೆಟ್ ಬಳಕೆಯ ಬಗ್ಗೆ ಬರೆಯುವ ಯಾಕೊಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟಿದ್ದರು. ನೂರರಲ್ಲಿ ತೊಂಬತ್ತು ಜನ ಸುಮ್ನೆ ಓದುತ್ತಾರೆ, ಒಂಬತ್ತು ಜನ ಆಗಾಗ ಮಾತಾಡುತ್ತಾರೆ, ಒಬ್ಬರು ಬಹುಪಾಲು ಎಲ್ಲವನ್ನೂ ಬರೆಯುತ್ತಾರೆ. ಈ ಲೆಕ್ಕದಲ್ಲಿ 1,024 ಜನರ ಗುಂಪನ್ನು ಹೊತ್ತು ನಡೆಸುವವರು ಸುಮಾರು ಹತ್ತು ಜನ. ಆ ಹತ್ತು ಜನ ಬೇಸತ್ತು ಸುಮ್ಮನಾದರೆ ಗುಂಪಿನ ಸಂಖ್ಯೆ ಹಾಗೇ ಇರುತ್ತದೆ, ತಿಳಿವಳಿಕೆ ಹೋಗಿಬಿಡುತ್ತದೆ. ಓದುವ ತೊಂಬತ್ತು ಜನರನ್ನು ಹಳಿಯುವುದೂ ಸರಿಯಲ್ಲ. ಅವರು ಕಲಿತದ್ದನ್ನು ಸಂತೆಯಲ್ಲಿ, ಹೋಟೆಲ್ಲಿನಲ್ಲಿ ಇನ್ನೊಬ್ಬರಿಗೆ ಹೇಳುತ್ತಾರೆ. ಆದರೆ ಆ ಮುಯ್ಯಿ ಗುಂಪಿನ ಒಳಗೆ ಕಾಣುವುದಿಲ್ಲ, ಬರೆಯುವ ಆ ಹತ್ತು ಜನರಿಗೆ ತಲುಪುವುದಿಲ್ಲ.

ದೂರದ ಪರಿಚಯದ ಬೆಲೆ

ಹತ್ತಿರದವರನ್ನು ಮಾತ್ರ ನಂಬಬೇಕು ಅನ್ನುವುದಾದರೆ ಊರ ಕಟ್ಟೆಯೇ ಸಾಕಿತ್ತು, ಫೋನು ಯಾಕೆ? 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ ಇದಕ್ಕೆ ಉತ್ತರ ಕೊಟ್ಟರು. ಆಪ್ತ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಷ್ಟಾಗಿ ಪರಿಚಯ ಇಲ್ಲದವರಿಂದ. ಅವರು ಓಡಾಡುವ ಜಾಗ ಬೇರೆ, ಅವರ ಕಿವಿಗೆ ಬೀಳುವ ಮಾತೂ ಬೇರೆ.

ನಮ್ಮ ಮೂರು ಜಿಲ್ಲೆಗಳಿಗೆ ಈ ಮಾತು ಬಹಳ ಹೊಂದುತ್ತದೆ. ವಿಜಯಪುರ, ಅಥಣಿ ಕಡೆಯ ದ್ರಾಕ್ಷಿಯ ನಂಟು ಸಾಂಗಲಿ, ಸೋಲಾಪುರದ ಜೊತೆ. ಒಣದ್ರಾಕ್ಷಿ ತಾಸಗಾಂವ, ಸಾಂಗಲಿ ಮಾರುಕಟ್ಟೆಗೂ ಹೋಗುತ್ತದೆ. ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದು ಪುಣೆ ಹತ್ತಿರದ ಮಾಂಜರಿಯಲ್ಲಿ. ತೋಟದ ಮಾತುಗಳೇ ಗಡಿ ದಾಟಿ ಬಂದಿವೆ: ಚಾಟ್ನಿ, ಬಹಾರ್, ತೇಲ್ಯಾ. ಗಡಿ ವಿವಾದ ಟಿ.ವಿ.ಯಲ್ಲಿ ಎಷ್ಟೇ ಕಾವೇರಲಿ, ದ್ರಾಕ್ಷಿ ಗುಂಪಿನಲ್ಲಿ ಮರಾಠಿ ವಾಯ್ಸಿಗೆ ಕನ್ನಡದಲ್ಲಿ ಉತ್ತರ ಬಂದರೆ ಯಾರಿಗೂ ಆಶ್ಚರ್ಯವಿಲ್ಲ.

ಪಟ್ನಮ್ ಮಾಡಿದ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಥರದವರನ್ನು ಬಿಗಿಯಾಗಿ ಕಟ್ಟುವ ಬಂಡವಾಳ ಒಂದು, ಬೇರೆ ಬೇರೆಯವರ ನಡುವೆ ಸೇತುವೆ ಹಾಕುವ ಬಂಡವಾಳ ಇನ್ನೊಂದು. ಊರಿನ ಗುಂಪು ಮೊದಲನೆಯದು. ಅಲ್ಲಿ ನಂಬಿಕೆ ಗಟ್ಟಿ, ಹೊಸ ಸುದ್ದಿ ಕಡಿಮೆ. ಸಾವಿರ ಜನರ ಬೆಳೆಯ ಗುಂಪು ಎರಡನೆಯದು. ಅಲ್ಲಿ ಹೊಸ ಸುದ್ದಿ ಜಾಸ್ತಿ, ನಂಬಿಕೆ ತೆಳು. ಕಬ್ಬಿನ ನಾಲ್ಕು ಅಂಕಿಗಳು ದೊಡ್ಡ ಗುಂಪುಗಳ ದಾರಿಯಲ್ಲಿ ಬೇಗ ಹರಡಬಲ್ಲವು. ಆದರೆ ಬುತ್ತಿ ಕಟ್ಟಿಕೊಂಡು ಗುರ್ಲಾಪುರಕ್ಕೆ ಹೊರಡುವ ತೀರ್ಮಾನ ಫಾರ್ವರ್ಡ್ ನೋಡಿ ಆಗುವಂಥದ್ದಲ್ಲ. ಪಕ್ಕದ ಮನೆಯವನು ಹೊರಟನೇ, ಸಂಘದವರು ಟ್ರ್ಯಾಕ್ಟರ್ ತಂದರೇ, ನಾನು ಹೋಗದಿದ್ದರೆ ನಾಳೆ ಯಾರ ಮುಖ ನೋಡಲಿ ಅನ್ನುವ ಲೆಕ್ಕ ಅದು. ಮೊದಲು ಕೇಳಿದ ಎರಡು ಪ್ರಶ್ನೆಗೂ ಉತ್ತರ ಇಲ್ಲಿದೆ. ಗೊಂದಲ ಹಬ್ಬುವುದು ತೆಳು ದಾರದ ಮೇಲೆ. ಜನ ಕೂಡುವುದು ಗಟ್ಟಿ ದಾರದ ಮೇಲೆ.

ಮೋಸಗಾರನ ಹೆಸರು

ನಂಬಿಕೆಯನ್ನು ಕಾಯುವ ಕೆಲಸವನ್ನೂ ಗುಂಪುಗಳು ಮಾಡುತ್ತವೆ. ಕಬ್ಬು ಕಡಿಯುವ ಗ್ಯಾಂಗಿಗಾಗಿ ಟ್ರ್ಯಾಕ್ಟರ್ ಮಾಲೀಕರು ಗ್ಯಾಂಗಿನ ಮುಖ್ಯಸ್ಥನಾದ ಮುಕಾದಮನಿಗೆ ಲಕ್ಷಗಟ್ಟಲೆ ಮುಂಗಡ ಕೊಡುತ್ತಾರೆ. ಕೆಲವರು ದುಡ್ಡು ತಗೊಂಡು ನಾಪತ್ತೆ. ದ್ರಾಕ್ಷಿಯಲ್ಲೂ ಉದ್ರಿ ಮಾಲು ಒಯ್ದ ವ್ಯಾಪಾರಿ ಫೋನು ಎತ್ತದೆ ಹೋಗುವುದು ಹೊಸದಲ್ಲ. ಕೋರ್ಟಿಗೆ ಹೋಗಲು ಕಾಗದವಿಲ್ಲ, ವರ್ಷಗಟ್ಟಲೆ ಅಲೆಯಲು ಸಮಯವಿಲ್ಲ. ಗುಂಪಿನಲ್ಲಿ ಒಂದು ಎಚ್ಚರಿಕೆ ಹಾಕಿದರೆ ಮುಂದಿನವನಾದರೂ ಉಳಿಯುತ್ತಾನೆ.

ಕೋಲ್‌ಮನ್ 1988ರ ಲೇಖನದಲ್ಲಿ ನ್ಯೂಯಾರ್ಕಿನ ವಜ್ರ ವ್ಯಾಪಾರಿಗಳ ಉದಾಹರಣೆ ಕೊಟ್ಟಿದ್ದರು. ಒಬ್ಬ ವ್ಯಾಪಾರಿ ವಜ್ರದ ಚೀಲವನ್ನೇ ಇನ್ನೊಬ್ಬನಿಗೆ ಪರೀಕ್ಷೆಗೆ ಕೊಟ್ಟುಬಿಡುತ್ತಾನೆ, ರಸೀದಿ ಕೇಳದೆ. ಮೋಸ ಮಾಡಿದವನಿಗೆ ವ್ಯಾಪಾರ, ಬಂಧುಬಳಗ, ಪೂಜಾಸ್ಥಳ ಎಲ್ಲವೂ ತಪ್ಪಿಹೋಗುತ್ತದೆ ಅನ್ನುವುದೇ ಅಲ್ಲಿ ರಸೀದಿ. ಸಂಬಂಧಗಳು ಬಳೆಯ ಹಾಗೆ ಮುಚ್ಚಿಕೊಂಡಿದ್ದರೆ ಮಾತಿಗೆ ತೂಕ ಬರುತ್ತದೆ.

ಆದರೆ ವಾಟ್ಸ್‌ಆ್ಯಪ್ ಬಳೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆರೋಪ ಮಾಡಿದವನ ಮಾತು ನೂರು ಗುಂಪಿಗೆ ಹೋಗುತ್ತದೆ. ಆರೋಪ ಹೊತ್ತವನು ಆ ಗುಂಪುಗಳಲ್ಲಿ ಇರುವುದೇ ಇಲ್ಲ. ಅವನ ಕಡೆಯ ಮಾತು ಕೇಳುವವರಿಲ್ಲ. ಮಹಾರಾಷ್ಟ್ರದ ಬೀಡದಿಂದಲೋ ವಿಜಯಪುರದ ತಾಂಡಾದಿಂದಲೋ ಬಂದ ಒಬ್ಬ ಮುಕಾದಮ ಗ್ಯಾಂಗಿನ ಯಾರಿಗೋ ಹುಷಾರಿಲ್ಲದೆ ಹದಿನೈದು ದಿನ ತಡಮಾಡಿದರೂ, ದುಡ್ಡು ಹೊಡೆದು ಓಡಿಹೋದರೂ ಪಟ್ಟಿಯಲ್ಲಿ ಒಂದೇ ಸಾಲು. ಹೆಸರು ಒಮ್ಮೆ ಹತ್ತಿದರೆ ಅಳಿಸುವವರು ಯಾರು? ಎಚ್ಚರಿಕೆ ಹಾಕಿದವನ ಮೇಲೇ ಮಾನಹಾನಿಯ ದೂರು ಬರಲೂಬಹುದು.

ಇದೇ ಬಿಗಿತ ಹೊರಗಿನವರ ಮೇಲೆ ತಿರುಗಿದಾಗ ಏನಾಗುತ್ತದೆ ಅನ್ನುವುದನ್ನು ಬೀದರ್ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿ 2018ರ ಜುಲೈನಲ್ಲಿ ತೋರಿಸಿತು. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನುವ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂದೆ ಓಡಿತು. ಒಬ್ಬ ಯುವಕನ ಜೀವ ಹೋಯಿತು. ದೇಶದ ಹಲವು ಕಡೆ ಇಂಥವೇ ಘಟನೆಗಳು ನಡೆದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ಹಾಗೆ ಬಿಗಿ ಮಾಡಿತು. ಮುರ್ಕಿಯಲ್ಲಿ ನಂಬಿಕೆಯ ಕೊರತೆ ಇರಲಿಲ್ಲ. ಊರವರು ಒಬ್ಬರನ್ನೊಬ್ಬರು ತಕ್ಷಣ ನಂಬಿದರು. ಕೇಡು ಬಂದದ್ದು ಹಾಗೆ.

ಅಡ್ಮಿನ್ ಯಾರು, ಅಂಗಡಿ ಯಾರದು

ಗುಂಪನ್ನು ಯಾರು ನಡೆಸುತ್ತಾರೆ ಅನ್ನುವುದು ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಕೃಷಿ ಗುಂಪುಗಳಲ್ಲಿ ಇದರ ಮೇಲೇ ಬಹಳಷ್ಟು ನಿಂತಿದೆ.

ಗೊಬ್ಬರ–ಔಷಧದ ಅಂಗಡಿಯವರು ನಡೆಸುವ ಗುಂಪುಗಳಿವೆ. ಅವರಿಗೆ ನಿಜಕ್ಕೂ ಅನುಭವ ಇರುತ್ತದೆ. ದಿನಕ್ಕೆ ಐವತ್ತು ತೋಟದ ಕಥೆ ಕೇಳುತ್ತಾರೆ. ಉದ್ರಿಯನ್ನೂ ಕೊಡುತ್ತಾರೆ. ಆದರೆ "ಏನೂ ಹೊಡೆಯಬೇಡಿ, ನಾಲ್ಕು ದಿನ ಕಾಯಿರಿ" ಅನ್ನುವ ಉತ್ತರ ಅವರ ಕೌಂಟರಿಗೆ ನಷ್ಟ. ಅವರು ಕೆಟ್ಟವರು ಅಂತಲ್ಲ. ಆ ಉತ್ತರ ಅಲ್ಲಿ ಕಡಿಮೆ ಸಿಗುತ್ತದೆ ಅಷ್ಟೇ. ಉದ್ರಿ ಬಾಕಿ ಇರುವ ರೈತ ಆ ಗುಂಪಿನಲ್ಲಿ "ನಿಮ್ಮ ಔಷಧ ಕೆಲಸ ಮಾಡಲಿಲ್ಲ" ಅಂತ ಬರೆಯುವುದೂ ಕಷ್ಟ. ಇಲ್ಲಿ ಮುಯ್ಯಿ ಇದೆ, ಆದರೆ ತಕ್ಕಡಿ ಒಂದು ಕಡೆಗೆ ವಾಲಿದೆ.

ಬೆಳೆಗಾರರೇ ನಡೆಸುವ ಗುಂಪುಗಳ ತೊಂದರೆ ಬೇರೆ. ಅಡ್ಮಿನ್‌ಗೆ ಸಂಬಳ ಇಲ್ಲ. ರಾತ್ರಿ ಹತ್ತಕ್ಕೆ ರಾಜಕೀಯದ ಜಗಳ ಬಿಡಿಸಬೇಕು. ಚುನಾವಣೆ ಬಂದರೆ ಗುಂಪು ಎರಡು ಹೋಳು. ಕೇಸು ಬಿದ್ದರೆ ಗತಿ ಏನು ಅನ್ನುವ ಹೆದರಿಕೆ ಬೇರೆ. ಈ ಹೆದರಿಕೆಯ ಮಟ್ಟಿಗೆ ಕೋರ್ಟುಗಳು ಸ್ವಲ್ಪ ಸಮಾಧಾನ ಕೊಟ್ಟಿವೆ. ಸದಸ್ಯನೊಬ್ಬ ಹಾಕಿದ ಮೆಸೇಜಿಗೆ, ತಾನು ಅದರಲ್ಲಿ ಕೈಜೋಡಿಸದಿದ್ದರೆ, ಅಡ್ಮಿನ್ ಹೊಣೆಯಾಗುವುದಿಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ ಹೇಳಿದವು.

ಮೂರನೆಯದು ಸರ್ಕಾರದ ದಾರಿ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ. ಮತ್ತಿಕೊಪ್ಪ, ತುಕ್ಕಾನಟ್ಟಿ, ಹಿಟ್ಟಿನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇವೆ. ವಿಜ್ಞಾನಿಯ ಉತ್ತರಕ್ಕೆ ಹೊಣೆ ಇದೆ, ಅಂಗಡಿಯ ಹಂಗಿಲ್ಲ. ಆದರೆ ಭಾನುವಾರ ಸಂಜೆ ಕಂಡ ಚುಕ್ಕೆಗೆ ಸೋಮವಾರ ಉತ್ತರ ಬಂದರೆ ದ್ರಾಕ್ಷಿ ಬೆಳೆಗಾರನಿಗೆ ತಡವಾಯಿತು.

ಹಾಗಾಗಿ ವಾದ ಎರಡು ಕಡೆ ಎಳೆಯುತ್ತದೆ. ಗುಂಪುಗಳೇ ರೈತನ ನಿಜವಾದ ವಿಸ್ತರಣಾ ಇಲಾಖೆ, ಅವನ್ನು ಅವುಗಳ ಪಾಡಿಗೆ ಬಿಡಿ ಅನ್ನುತ್ತಾರೆ ಒಂದು ಕಡೆಯವರು. ಹೊಣೆ ಇಲ್ಲದ ಸಲಹೆ ಅಪಾಯ, ರೈತ ಉತ್ಪಾದಕ ಸಂಸ್ಥೆಗಳ ಕೆಳಗೆ ನೋಂದಾಯಿಸಿ ನಡೆಸಬೇಕು ಅನ್ನುತ್ತಾರೆ ಇನ್ನೊಂದು ಕಡೆಯವರು. ಮೊದಲನೆಯವರು ಮುರ್ಕಿಯನ್ನು ಮರೆಯುತ್ತಾರೆ. ಎರಡನೆಯವರು ಹತ್ತನೆಯ ಉತ್ತರ ಕೊಟ್ಟ ಆ ಮನುಷ್ಯನನ್ನು ಮರೆಯುತ್ತಾರೆ. ಅರ್ಜಿ, ಹುದ್ದೆ, ಸಭೆ, ನಡಾವಳಿ ಅಂತ ಶುರುವಾದರೆ ಮೊದಲು ಎದ್ದು ಹೋಗುವವನು ಅವನೇ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್ ಕಾಲುವೆ, ಹುಲ್ಲುಗಾವಲು, ಕಾಡುಗಳನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಅಂತ ನೋಡಿದವರು. ಸರ್ಕಾರವೂ ಬೇಡ, ಮಾಲೀಕನೂ ಬೇಡ ಅನ್ನುವ ಕಡೆಗಳಲ್ಲಿ ಬಳಸುವವರೇ ಸಣ್ಣ ಸಣ್ಣ ನಿಯಮ ಮಾಡಿಕೊಂಡು ಬಾಳಿದ್ದನ್ನು ಅವರು ತೋರಿಸಿದರು. ಒಳಗೆ ಯಾರು, ಹೊರಗೆ ಯಾರು ಅನ್ನುವುದು ಸ್ಪಷ್ಟ. ಮೊದಲ ತಪ್ಪಿಗೆ ಸಣ್ಣ ಶಿಕ್ಷೆ, ಮತ್ತೆ ಮಾಡಿದರೆ ದೊಡ್ಡದು. ಘಟಪ್ರಭಾ ಕಾಲುವೆಯ ಕೊನೆಯ ಹೊಲದವರಿಗೆ ನೀರಿನ ಪಾಳಿ ಅಂದರೆ ಏನು, ಪಾಳಿ ತಪ್ಪಿಸಿದವನನ್ನು ಹೇಗೆ ಕೇಳಬೇಕು ಅನ್ನುವುದು ಯಾರೂ ಹೇಳಿಕೊಡಬೇಕಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಹೆಚ್ಚಾಗಿ ಬಳಕೆಯಾಗುವುದು ಎರಡೇ ಅಸ್ತ್ರ: ಸುಮ್ಮನಿರುವುದು, ಇಲ್ಲವೇ ಗುಂಪಿನಿಂದ ತೆಗೆಯುವುದು. ನಡುವಿನ ಮೆಟ್ಟಿಲುಗಳನ್ನು ಕಟ್ಟಿಕೊಂಡ ಗುಂಪುಗಳು ಉಳಿಯುತ್ತವೆ. ಔಷಧ ಬರೆದವರು ತಮ್ಮ ತೋಟದಲ್ಲಿ ಹೊಡೆದ ದಿನವನ್ನೂ ಬರೆಯಬೇಕು, ಬಿಲ್ಲು ಹಾಕಿದವರು ಹಂಗಾಮನ್ನೂ ಬರೆಯಬೇಕು ಅನ್ನುವಂಥ ಸಣ್ಣ ನಿಯಮ ಸಾಕು.

ಗುಂಪಿಗೆ ಸೇರದವರು

ಬಂಡವಾಳ ಅಂದ ಮೇಲೆ ಇದ್ದವರು, ಇಲ್ಲದವರು ಇರಲೇಬೇಕಲ್ಲ. ಬೋರ್ದ್ಯೂ ಒತ್ತಿ ಹೇಳಿದ್ದು ಇದನ್ನೇ. ಹೊಲ ಹೆಸರಿನಲ್ಲಿ ಇದ್ದವರು ಗುಂಪಿನಲ್ಲಿರುತ್ತಾರೆ. ಪಾಲಿಗೆ ಮಾಡುವವರು ಅಷ್ಟಾಗಿ ಇರುವುದಿಲ್ಲ. ಮನೆಯ ಫೋನು ಗಂಡಸರ ಕಿಸೆಯಲ್ಲಿರುತ್ತದೆ. ದಾಳಿಂಬೆಯ ಚುಕ್ಕೆಯನ್ನು ಮೊದಲು ಕಾಣುವುದು ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು. ಅದನ್ನು ಗುಂಪಿಗೆ ಹಾಕುವವರು ಬೇರೆ.

ಕಬ್ಬಿನ ಮಟ್ಟಿಗೆ ಇನ್ನೂ ಒಂದು ವಿಚಿತ್ರ ಇದೆ. ಕಟಾವು ಖರ್ಚು ಎಷ್ಟು ಮುರಿದರು ಅನ್ನುವುದರ ಮೇಲೆ ಇಷ್ಟೆಲ್ಲ ಜಗಳ ನಡೆಯಿತು. ಆ ಕಟಾವು ಮಾಡುವ ಗ್ಯಾಂಗಿನವರಿಗೆ ಆ ದುಡ್ಡಿನಲ್ಲಿ ಎಷ್ಟು ತಲುಪುತ್ತದೆ ಅನ್ನುವ ಮಾತು ರೇಟಿನ ಚರ್ಚೆಯಲ್ಲಿ ಕೇಳಿಬರುವುದು ಅಪರೂಪ.

ಮುಂದಿನ ಜಗಳಕ್ಕೆ ದಾಖಲೆ

ಇದರ ಪರಿಣಾಮ ಮುಂದೆ ಹೇಗಿರಬಹುದು? ರೇಟಿನ ಗೊಂದಲ ಪ್ರತಿ ಹಂಗಾಮಿನಲ್ಲೂ ಬರುತ್ತದೆ, ಯಾಕೆಂದರೆ ರಿಕವರಿ, ದೂರ, ಕಂತು ಎಲ್ಲವೂ ಬದಲಾಗುತ್ತಲೇ ಇರುತ್ತವೆ. ರೇಟು ತೀರ್ಮಾನವಾದ ಮೇಲಿನ ಜಗಳ ಪಾವತಿಯದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಟನ್‌ಗೆ ₹3,300ರಂತೆ ನೂರು ಟನ್ ಕೊಟ್ಟವನಿಗೆ ₹3,30,000 ಬರಬೇಕು. ಅದು ಎರಡು ತಿಂಗಳು ತಡವಾದರೆ ಬಡ್ಡಿಯೇ ₹8,000 ದಾಟುತ್ತದೆ. ಒಬ್ಬನಿಗೆ ಇದು ಅಲೆದಾಟಕ್ಕೆ ಸಾಲದ ಮೊತ್ತ, ಸಾವಿರ ಜನ ಸೇರಿ ಕೇಳಿದರೆ ₹80 ಲಕ್ಷದ ವಿಷಯ.

ಸೇರಿ ಕೇಳಲು ಬೇಕಾದದ್ದು ತಾರೀಖು ಇರುವ ತೂಕದ ಚೀಟಿ, ಹಣ ಜಮೆಯಾದ ದಿನ, ಕಟಾವು–ಸಾಗಣೆಗೆ ಮುರಿದ ಮೊತ್ತ. ಸಾವಿರ ಜನರದ್ದೂ ಒಂದು ಕಡೆ, ಒಂದೇ ನಮೂನೆಯಲ್ಲಿ. ಗುಂಪಿನಲ್ಲಿ ಇವೆಲ್ಲ ಒಂದಲ್ಲ ಒಂದು ದಿನ ಬಂದೇ ಇರುತ್ತವೆ. ಆದರೆ ಹೊಸದಾಗಿ ಸೇರಿದವರಿಗೆ ಹಳೆಯ ಮಾತುಕತೆಯ ಬಹುಪಾಲು ಕಾಣುವುದಿಲ್ಲ. ಫೋನು ತುಂಬಿದಾಗ ಮೊದಲು ಅಳಿಸುವುದು ಗುಂಪಿನ ಫೋಟೊಗಳನ್ನೇ. ಒಂದು ನೋಟ್‌ಬುಕ್ಕು, ಇಲ್ಲವೇ ಒಂದು ಸಾದಾ ಎಕ್ಸೆಲ್ ಹಾಳೆ, ಅದನ್ನು ವಾರಕ್ಕೊಮ್ಮೆ ತುಂಬುವ ಒಬ್ಬ ಕಾಲೇಜು ಹುಡುಗ ಇರುವ ಗುಂಪು ಬಡ್ಡಿಯ ಲೆಕ್ಕ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗಬಲ್ಲದು. ಉಳಿದ ಗುಂಪುಗಳ ಚೀಟಿಗಳು ಫೋನಿನ ಗ್ಯಾಲರಿಯಲ್ಲಿ, ಯಾರದೋ ಮದುವೆಯ ಫೋಟೊ ಮತ್ತು ಬೆಳಗಿನ ಶುಭಾಶಯದ ಹೂವುಗಳ ನಡುವೆ ಎಲ್ಲೋ ಬಿದ್ದಿರುತ್ತವೆ.